ಅಡಿಕೆ ಶೆಡ್ಡಿನಲ್ಲಿ ಜರ್ಮನಿಯ ಗದ್ದಲ

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಚನ್ನಗಿರಿ ತಲುಪುವಾಗ ಇನ್ನೂ ಕತ್ತಲೆ. ಅಕ್ಟೋಬರ್ ತಿಂಗಳಾದರೆ ಊರು ಬಂತು ಅಂತ ಕಂಡಕ್ಟರ್ ಕೂಗಬೇಕಾಗಿಲ್ಲ. ಕಿಟಕಿ ಗಾಜು ನಾಲ್ಕು ಬೆರಳು ಸರಿಸಿದರೆ ಸಾಕು, ಹಂಡೆಯಲ್ಲಿ ಬೇಯುವ ಅಡಿಕೆಯ ಒಗರು ವಾಸನೆ ಮೂಗಿಗೆ ಬಡಿಯುತ್ತೆ. ಆ ವಾಸನೆಗೆ ಎಚ್ಚರವಾಗಿ ಬ್ಯಾಗು ಹುಡುಕೋದು ನನಗೆ ರೂಢಿ.

ಹೋದ ವರ್ಷ ಹಾಗೆ ಎದ್ದಾಗ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅದರಲ್ಲಿ 1986ರ ಒಂದು ಜರ್ಮನ್ ಆಲ್ಬಂ ಕೊನೆಯ ಹಾಡಿಗೆ ಬಂದಿತ್ತು. ಬ್ಯಾಂಡಿನ ಹೆಸರು ಕ್ರಿಯೇಟರ್. ಆಲ್ಬಂ ಹೆಸರು 'ಪ್ಲೆಷರ್ ಟು ಕಿಲ್'. ಹೆಸರು ನೋಡಿ ಹೆದರಬೇಡಿ, ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪಾಜಿ ಬೈಕ್ ನಿಲ್ಲಿಸ್ಕೊಂಡು ಕಾಯ್ತಿದ್ದರು. ನಾನು ಹಿಂದಿನಿಂದ ಹೋಗಿ "ಅಪ್ಪಾಜಿ" ಅಂದೆ. ತಿರುಗಲಿಲ್ಲ. ಇನ್ನೊಂದು ಸಲ ಕರೆದೆ. ಆಗಲೂ ಇಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದು ತಿರುಗಿದರು.

"ಯಾವಾಗ ಬಂದ್ಯೋ? ಕರೀಬಾರ್ದಾ?"

ಈ ಬರಹ ಆ ಆಲ್ಬಂ ಬಗ್ಗೆ. ಅಪ್ಪಾಜಿಯ ಕಿವಿಯ ಬಗ್ಗೆಯೂ ಹೌದು. ಎರಡಕ್ಕೂ ಸಂಬಂಧ ಇದೆ ಅಂತ ತಿಳಿಯೋಕೆ ನಾನು ಜರ್ಮನಿಗೆ ಹೋಗಿ ಬರಬೇಕಾಯ್ತು.

ಪೆನ್‌ಡ್ರೈವ್‌ನಲ್ಲಿ ಬಂದ ಆಲ್ಬಂ

2013ರಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೇರಿದೆ. ಹಾಸ್ಟೆಲ್ ರೂಮಿನಲ್ಲಿ ಜೊತೆಗಿದ್ದವನು ಬೆಂಗಳೂರು ಹುಡುಗ. ಅವನ ಹತ್ತಿರ ಬಟ್ಟೆಗಿಂತ ಕಪ್ಪು ಟೀಶರ್ಟ್ ಜಾಸ್ತಿ ಅಂತ ನಾವೆಲ್ಲ ತಮಾಷೆ ಮಾಡ್ತಿದ್ವಿ. ಅವನ ಪೆನ್‌ಡ್ರೈವ್‌ನಿಂದ ನನ್ನ ಲ್ಯಾಪ್‌ಟಾಪಿಗೆ ಬಂದ ಫೋಲ್ಡರುಗಳಲ್ಲಿ ಇದೂ ಒಂದು.

ಮೊದಲ ಸಲ ಕೇಳಿದಾಗ ಮೂರನೇ ಹಾಡಿಗೇ ನಿಲ್ಲಿಸಿದೆ. ನಿಜವಾಗಿಯೂ ತಲೆ ನೋಯ್ತು. "ಇದೇನ್ ಮಾರಾಯ, ಎಲ್ಲರೂ ಒಟ್ಟಿಗೆ ಓಡೋಗ್ತಿರೋ ಥರ ಇದೆ" ಅಂದೆ. ಅವನು "ಅದೇ ಮಜಾ ಕಣೋ" ಅಂದ. ಇಂಟರ್ನಲ್ಸ್ ಹತ್ತಿರ ಬಂದ ಹಾಗೆ ರಾತ್ರಿ ನಿದ್ದೆ ಬರದೆ ಮತ್ತೆ ಹಾಕಿದೆ. ಮೂರನೇ ಸಲಕ್ಕೆ ಗದ್ದಲದೊಳಗೆ ಗಿಟಾರು ಬೇರೆ, ಡ್ರಮ್ಮು ಬೇರೆ ಅಂತ ಕೇಳಿಸೋಕೆ ಶುರುವಾಯ್ತು. ಮೊದಲ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಅದು ಬಾಯಿಪಾಠ.

ಅವನು ಇನ್ನೊಂದು ವಿಷಯ ಹೇಳಿ ಹೊಟ್ಟೆ ಉರಿಸಿದ. ಹಿಂದಿನ ವರ್ಷ, 2012ರ ಜೂನ್‌ನಲ್ಲಿ, ಇದೇ ಕ್ರಿಯೇಟರ್ ಬೆಂಗಳೂರಿಗೆ ಬಂದಿತ್ತಂತೆ. ಬೆಂಗಳೂರು ಓಪನ್ ಏರ್ ಅನ್ನೋ ಮೆಟಲ್ ಉತ್ಸವದ ಮೊದಲ ವರ್ಷ ಅದು. ಮುಖ್ಯ ಬ್ಯಾಂಡ್ ಇವರೇ. ಬೆಂಗಳೂರಿಗೆ ಇಂಥ ಸಂಗೀತ ಹೊಸದೇನಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿ ಹೋಗಿದ್ದವು. ನಾನು ಮಾತ್ರ ಆ ಜೂನ್‌ನಲ್ಲಿ ಸೆಕೆಂಡ್ ಪಿಯುಸಿ ಟ್ಯೂಷನ್‌ಗೆ ಸೈಕಲ್ ತುಳೀತಿದ್ದೆ. ಚನ್ನಗಿರಿಯಿಂದ ಅಲ್ಲಿಗೆ ಒಂದು ರಾತ್ರಿಯ ಬಸ್ಸು ಅಷ್ಟೇ. ಆದರೂ ಆ ಬ್ಯಾಂಡಿನ ಹೆಸರೇ ನನ್ನ ಕಿವಿಗೆ ಬಿದ್ದಿರಲಿಲ್ಲ.

ಮೂವರು ಹುಡುಗರು, ಒಂದು ವರ್ಷ

ಥ್ರ್ಯಾಶ್ ಮೆಟಲ್ ಕೇಳದವರಿಗೆ ಒಂದು ಮಾತು. ಹೆವಿ ಮೆಟಲ್‌ನ ಭಾರಕ್ಕೆ ಪಂಕ್ ಸಂಗೀತದ ವೇಗ ಸೇರಿ 80ರ ದಶಕದ ಶುರುವಿನಲ್ಲಿ ಹುಟ್ಟಿದ ಪ್ರಕಾರ ಇದು. ಅಮೆರಿಕದಲ್ಲಿ ಇದಕ್ಕೆ ನಾಲ್ಕು ದೊಡ್ಡ ಮನೆತನ: ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್. ಜರ್ಮನಿಯಲ್ಲಿ ಕ್ರಿಯೇಟರ್, ಸೋಡಮ್, ಡಿಸ್ಟ್ರಕ್ಷನ್ ಮೂರು. ಫ್ರಾಂಕ್‌ಫರ್ಟ್‌ನ ಟ್ಯಾಂಕಾರ್ಡನ್ನೂ ಸೇರಿಸಿ ನಾಲ್ಕು ಅನ್ನೋರೂ ಇದ್ದಾರೆ.

1986 ಈ ಪ್ರಕಾರಕ್ಕೆ ಸುಗ್ಗಿ ವರ್ಷ. ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್', ಸ್ಲೇಯರ್‌ನ 'ರೇನ್ ಇನ್ ಬ್ಲಡ್' ಎರಡೂ ಅದೇ ವರ್ಷದ್ದು. ಮೆಟಾಲಿಕಾದ್ದು ಕಟ್ಟಡ ಕಟ್ಟಿದ ಹಾಗೆ, ಪ್ರತಿ ಕಲ್ಲೂ ಅದರ ಜಾಗದಲ್ಲಿ. ಸ್ಲೇಯರ್‌ದು ಮಸೆದ ಕತ್ತಿ, ಅರ್ಧ ಗಂಟೆಯೊಳಗೆ ಎಲ್ಲಾ ಮುಗಿದಿರುತ್ತೆ.

ಕ್ರಿಯೇಟರ್‌ನದು ಇವೆರಡರ ಹಾಗೂ ಇಲ್ಲ. ಪಶ್ಚಿಮ ಜರ್ಮನಿಯ ಎಸ್ಸೆನ್ ನಗರದ ಮೂವರು ಹುಡುಗರು ಆಗ ಎರಡಾಗಿ ಸೀಳಿದ್ದ ಬರ್ಲಿನ್ನಿಗೆ ಹೋಗಿ, ಹ್ಯಾರಿಸ್ ಜಾನ್ಸ್ ಅನ್ನೋ ನಿರ್ಮಾಪಕನ ಕೈಕೆಳಗೆ ರೆಕಾರ್ಡ್ ಮಾಡಿದ್ದು. ಗಿಟಾರ್ ಮತ್ತು ಹಾಡು ಮಿಲ್ಲೆ ಪೆಟ್ರೊಝಾ. ಡ್ರಮ್ಸ್ ಯೂರ್ಗನ್ ರೈಲ್, ಎಲ್ಲರೂ ಕರೆಯೋದು ವೆಂಟರ್ ಅಂತ. ಬೇಸ್ ಗಿಟಾರ್ ರಾಬ್ ಫಿಯೊರೆಟ್ಟಿ. 1967ರ ಡಿಸೆಂಬರ್‌ನಲ್ಲಿ ಹುಟ್ಟಿದ ಮಿಲ್ಲೆಗೆ ಆಗ ಹದಿನೆಂಟು. ನಾವು ಸಿಇಟಿ ಕೌನ್ಸೆಲಿಂಗ್ ಕ್ಯೂನಲ್ಲಿ ನಿಲ್ಲೋ ವಯಸ್ಸು. ಇವರ ಆಲ್ಬಂ ತಂದ ಕಂಪನಿಯ ಹೆಸರು ನಾಯ್ಸ್ ರೆಕಾರ್ಡ್ಸ್. ಗದ್ದಲ ಅಂತಲೇ ಬೋರ್ಡು ಹಾಕ್ಕೊಂಡಿದ್ದ ಕಂಪನಿ!

ಶುರುವಾಗೋದು ಶಾಂತವಾಗಿ, ಮಾತಿಲ್ಲದ ಒಂದು ಪುಟ್ಟ ತುಣುಕಿನಿಂದ. ಅಷ್ಟರಲ್ಲಿ ಎರಡನೇ ಹಾಡು ಬಾಗಿಲು ಒದ್ದು ಒಳಗೆ ಬರುತ್ತೆ. ಅಲ್ಲಿಂದ ಮುಂದೆ ಮೂವರೂ ಒಬ್ಬರನ್ನೊಬ್ಬರು ಹಿಂದೆ ಹಾಕೋಕೆ ಓಡ್ತಿರ್ತಾರೆ. ಡ್ರಮ್ಮು ಒಂದು ಹೆಜ್ಜೆ ಮುಂದೆ, ಗಿಟಾರ್ ಅದನ್ನ ಹಿಡಿಯೋಕೆ. ಕೆಲವು ಹಾಡು ಮಿಲ್ಲೆ ಹಾಡಿದರೆ ಕೆಲವು ಡ್ರಮ್ಸ್ ಬಾರಿಸ್ತಾನೇ ವೆಂಟರ್ ಹಾಡ್ತಾನೆ. ಮಿಲ್ಲೆಯದು ಕೀರಲು, ವೆಂಟರನದು ಗಂಟಲೊಳಗಿನ ಗೊಗ್ಗರು. ಸುಮಾರು ಏಳು ನಿಮಿಷದ 'ದ ಪೆಸ್ಟಿಲೆನ್ಸ್' ಅನ್ನೋ ಹಾಡಿನಲ್ಲಿ ವೇಗ ಹತ್ತಿ ಇಳಿಯೋದನ್ನ ಕೇಳಿದರೆ, ಇವರಿಗೆ ಬರೀ ಓಡೋಕೆ ಮಾತ್ರ ಬರ್ತಿತ್ತು ಅನ್ನೋಕಾಗಲ್ಲ.

ಈ ಒರಟುತನವೇ ಆಲ್ಬಂನ ಮಹತ್ವ. ಥ್ರ್ಯಾಶ್‌ನ ಮುಂದಿನ ಪೀಳಿಗೆ ಡೆತ್ ಮೆಟಲ್. ಅದರ ದಾರಿಯ ಮೊದಲ ಕಲ್ಲುಗಳು ಅಮೆರಿಕದಲ್ಲಿ ಪೊಸೆಸ್ಡ್ ಬ್ಯಾಂಡಿನ 1985ರ ಆಲ್ಬಂ, ಡೆತ್ ಬ್ಯಾಂಡಿನ 1987ರ ಆಲ್ಬಂ. ಆ ಎರಡರ ನಡುವೆ ಯುರೋಪಿನಿಂದ ಬಂದು ಕೂತ ಕಲ್ಲು ಇದು. ಮುಂದೆ ಇದೇ ಬ್ಯಾಂಡು ಇನ್ನೂ ಅಚ್ಚುಕಟ್ಟಾದ ಆಲ್ಬಂಗಳನ್ನ ಮಾಡ್ತು. 1989ರ 'ಎಕ್ಸ್‌ಟ್ರೀಮ್ ಅಗ್ರೆಷನ್' ಕೇಳಿ, ಕೈ ಎಷ್ಟು ಪಳಗಿದೆ ಅಂತ ಗೊತ್ತಾಗುತ್ತೆ. ಆದರೂ ಹಳಬರು ಹುಡುಕಿಕೊಂಡು ಹೋಗೋದು 1986ಕ್ಕೇ.

ಇನ್ನು ಹೆಸರಿನ ವಿಷಯ. ಹಾಡುಗಳ ತುಂಬ ರಕ್ತ, ಹೆಣ, ಕೊಲೆ. ಅದರಲ್ಲಿ ತತ್ವ ಏನಾದರೂ ಇದೆ ಅಂತ ನಾನು ವಾದ ಮಾಡಲ್ಲ. ಅದು ಹಾರರ್ ಸಿನಿಮಾ ನೋಡಿ ಬಂದ ಹದಿನೆಂಟರ ಹುಡುಗರು ಬರೆದದ್ದು, ಹಾಗೇ ಇದೆ. ಒಮ್ಮೆ ಅಮ್ಮ ಲ್ಯಾಪ್‌ಟಾಪಿನಲ್ಲಿ ಆ ದೆವ್ವದ ಮುಖಪುಟ ನೋಡಿ "ಏನಿದು?" ಅಂತ ಕೇಳಿದಾಗ ನಾನು ತೊದಲಿದ್ದೆ. ಕೊನೆಗೆ ನೆನಪಾಗಿದ್ದು ಒಂದೇ. "ಅಮ್ಮ, ಇದನ್ನ ಹಾಡಿದವನು ಈಗ ಮಾಂಸ ಮುಟ್ಟಲ್ಲ. ಹಾಲು ಮೊಸರೂ ಇಲ್ಲ, ಪ್ರಾಣಿಗಳಿಗೆ ನೋವಾಗುತ್ತೆ ಅಂತ." ಇದು ನಿಜ, ಮಿಲ್ಲೆ ವೀಗನ್. ಅಮ್ಮನ ಮುಖದಿಂದ ಭಯ ಹೋಗಿ ಕನಿಕರ ಬಂತು. "ಮೊಸರೂ ತಿನ್ನಲ್ವಾ? ಪಾಪ, ಊಟ ಹೆಂಗ್ ಮುಗಿಸ್ತಾನೆ?"

107ನೇ ನಂಬರಿನ ಟ್ರಾಮ್

ಎರಡು ವರ್ಷದ ಹಿಂದೆ ಆಫೀಸಿನ ಕೆಲಸಕ್ಕೆ ಮೂರು ವಾರ ಡಸೆಲ್‌ಡಾರ್ಫ್‌ಗೆ ಕಳಿಸಿದರು. ಮ್ಯಾಪಿನಲ್ಲಿ ನೋಡಿದರೆ ಎಸ್ಸೆನ್ ಪಕ್ಕದಲ್ಲೇ ಇದೆ. ಶನಿವಾರ ರೈಲು ಹತ್ತಿದೆ. ಕ್ರಿಯೇಟರ್ ಊರು ನೋಡಬೇಕು, ಸ್ಟೇಟಸ್‌ಗೆ ಒಂದು ಫೋಟೊ ಹಾಕಬೇಕು. ನನ್ನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ.

ಎಸ್ಸೆನ್ ಇರೋದು ರೂರ್ ಅನ್ನೋ ಪ್ರದೇಶದಲ್ಲಿ. ನೂರೈವತ್ತು ವರ್ಷ ಜರ್ಮನಿಯ ಕಲ್ಲಿದ್ದಲು, ಉಕ್ಕು ಎಲ್ಲಾ ಇಲ್ಲಿಂದಲೇ. ಸ್ಟೇಷನ್ ಎದುರು 107ನೇ ನಂಬರಿನ ಟ್ರಾಮ್ ಹಿಡಿದರೆ ಜೋಲ್‌ಫರೈನ್ ಅನ್ನೋ ದೊಡ್ಡ ಗಣಿ ಸಿಗುತ್ತೆ. ಅದೇ ಟ್ರಾಮಿನಲ್ಲಿ ಇಳಿಯದೆ ಕೂತರೆ ಗೆಲ್ಸೆನ್‌ಕಿರ್ಶನ್. ಅದು ಸೋಡಮ್ ಬ್ಯಾಂಡಿನ ಊರು. ಆ ಬ್ಯಾಂಡಿನ ಟಾಮ್ ಏಂಜಲ್‌ರಿಪ್ಪರ್ ಸ್ವತಃ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಜರ್ಮನ್ ಥ್ರ್ಯಾಶ್‌ನ ಎರಡು ದೊಡ್ಡ ಮನೆ ಒಂದೇ ಟ್ರಾಮ್ ಲೈನಿನಲ್ಲಿ, ನಡುವೆ ಗಣಿ! ನಮ್ಮಲ್ಲಿ ಚನ್ನಗಿರಿ ಬಸ್ಸು ಹತ್ತಿದರೆ ದಾರಿಯಲ್ಲಿ ಸಂತೇಬೆನ್ನೂರು ಸಿಗೋ ಹಾಗೆ.

ಜೋಲ್‌ಫರೈನ್‌ನ ಹನ್ನೆರಡನೇ ಶಾಫ್ಟಿನ ಮೇಲೆ ನಿಂತಿರೋ ಕೆಂಪು ಕಬ್ಬಿಣದ ಗೋಪುರ 55 ಮೀಟರ್ ಎತ್ತರ. 1932ರಲ್ಲಿ ಶುರುವಾದಾಗ ದಿನಕ್ಕೆ 12,000 ಟನ್ ಕಲ್ಲಿದ್ದಲು ಮೇಲೆತ್ತೋ ಲೆಕ್ಕದಲ್ಲಿ ಕಟ್ಟಿದ್ದು. 2001ರಿಂದ ಯುನೆಸ್ಕೊ ವಿಶ್ವ ಪರಂಪರೆ ತಾಣ. ಕಲ್ಲಿದ್ದಲು ತೊಳೆಯೋ ಕಾರ್ಖಾನೆ ಈಗ ಮ್ಯೂಸಿಯಂ. ಕಿತ್ತಳೆ ಬಣ್ಣದ ಬೆಳಕಿನ ಉದ್ದನೆ ಎಸ್ಕಲೇಟರ್ ಏರಿ ಒಳಗೆ ಹೋಗಬೇಕು.

ಅಲ್ಲಿನ ಫಲಕದಲ್ಲಿ ಗಣಿ ಮುಚ್ಚಿದ ದಿನಾಂಕ ಓದಿ ನಿಂತುಬಿಟ್ಟೆ. 1986ರ ಡಿಸೆಂಬರ್ 23. ಆಲ್ಬಂ ಬಂದ ಅದೇ ವರ್ಷ.

ಎಸ್ಸೆನ್ ನಗರದೊಳಗೆ ಕಲ್ಲಿದ್ದಲು ತೆಗೀತಿದ್ದ ಕೊನೆಯ ಗಣಿ ಅದು. ಅಲ್ಲಿಗೆ ಆ ಊರಿನ ಕಸುಬು ಮುಗೀತು. ಪಕ್ಕದ ಬಾಟ್ರಾಪ್‌ನಲ್ಲಿ ಜರ್ಮನಿಯ ಕಟ್ಟಕಡೆಯ ಭೂಗತ ಕಲ್ಲಿದ್ದಲು ಗಣಿ 2018ರ ಡಿಸೆಂಬರ್‌ವರೆಗೆ ಉಸಿರು ಹಿಡ್ಕೊಂಡಿತ್ತು. ಆದರೆ ಇಳಿತ ಶುರುವಾಗಿದ್ದು 50ರ ದಶಕದ ಕೊನೆಗೇ. ಅಂದರೆ ಮಿಲ್ಲೆ, ವೆಂಟರ್ ಹುಟ್ಟಿ ಬೆಳೆದದ್ದು ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿದ್ದ ಊರಿನಲ್ಲಿ. ಅವರ ಬಡಾವಣೆ ಆಲ್ಟೆನ್‌ಎಸ್ಸೆನ್. ಅಲ್ಲಿ ಮುಚ್ಚಿದ ಒಂದು ಗಣಿಯನ್ನ, ಜೆಖೆ ಕಾರ್ಲ್ ಅಂತ, ಊರಿನವರು ಸಾಂಸ್ಕೃತಿಕ ಕೇಂದ್ರ ಮಾಡಿಕೊಂಡಿದ್ದರು. ಈ ಹುಡುಗರು ಗಿಟಾರ್ ಹಿಡಿದು ಅಭ್ಯಾಸ ಮಾಡಿದ್ದು ಅಲ್ಲೇ. ಒಂದು ಕಾಲಕ್ಕೆ ಕಲ್ಲಿದ್ದಲು ಸದ್ದು ಮಾಡ್ತಿದ್ದ ಅಂಗಳದಲ್ಲಿ ಇವರ ಸದ್ದು.

ಮ್ಯೂಸಿಯಂನಲ್ಲಿ ನಮಗೆ ಜಾಗ ತೋರಿಸಿದವರು ಎಪ್ಪತ್ತು ದಾಟಿದ ಹಿರಿಯರು, ಹಿಂದೆ ಗಣಿಯಲ್ಲಿ ಇದ್ದವರು. ಯಂತ್ರಗಳು ನಡೀವಾಗ ಇಲ್ಲಿ ಮಾತು ಕೇಳ್ತಿರಲಿಲ್ಲ, ಕೈಸನ್ನೆಯಲ್ಲೇ ಎಲ್ಲಾ, ಅಂತ ಎರಡು ಮೂರು ಸನ್ನೆ ಮಾಡಿ ತೋರಿಸಿದರು. ಗುಂಪಿನಲ್ಲಿ ಯಾರೋ ಪ್ರಶ್ನೆ ಕೇಳಿದರು. ಅವರು ಬಲಗಿವಿ ಮುಂದೆ ಮಾಡಿ, ಕಣ್ಣು ಸಣ್ಣದು ಮಾಡಿ, ಕೇಳಿದವರ ತುಟಿಯನ್ನೇ ನೋಡಿದರು.

ಆ ಭಂಗಿ ನನಗೆ ಗೊತ್ತಿತ್ತು. ನಮ್ಮನೆ ಊಟದ ಹೊತ್ತಿನಲ್ಲಿ ದಿನಾ ನೋಡ್ತಿದ್ದ ಭಂಗಿ ಅದು.

ಸಕ್ಕರೆ, ಅಕ್ಕರೆ

ನಮ್ಮ ಹಳ್ಳಿ ಚನ್ನಗಿರಿಯಿಂದ ನಾಲ್ಕು ಕಿಲೋಮೀಟರ್. ಅಜ್ಜನ ಕಾಲಕ್ಕೆ ಭತ್ತ, ರಾಗಿ ಇದ್ದ ಹೊಲ. ಭದ್ರಾ ನಾಲೆ ನೀರು, ಬೋರ್‌ವೆಲ್ಲು ಬಂದ ಮೇಲೆ ನಾಲ್ಕು ಎಕರೆಯೂ ಅಡಿಕೆ. ತಾಲೂಕಿನ ಕಥೆಯೇ ಇದು. ಚನ್ನಗಿರಿ ಪೇಟೆಯಲ್ಲಿ ರಾಶಿ ಅಡಿಕೆ ರೇಟು ನೂರು ರೂಪಾಯಿ ಅಲ್ಲಾಡಿದರೆ ಮದುವೆ ಛತ್ರದಿಂದ ಬೈಕ್ ಶೋರೂಂವರೆಗೆ ಅಲ್ಲಾಡುತ್ತೆ. ಬೆಳಗ್ಗೆ ಪೇಪರ್ ಬಂದರೆ ಅಪ್ಪಾಜಿ ಮೊದಲು ತಿರುಗಿಸೋದು ಧಾರಣೆ ಪುಟ. ಆಮೇಲೆ ಯುದ್ಧ, ಚುನಾವಣೆ ಇತ್ಯಾದಿ.

ಗೊತ್ತಿಲ್ಲದವರಿಗೆ ಹೇಳಬೇಕು, ರಾಶಿ ಅಡಿಕೆ ಮರದಿಂದ ಹಾಗೇ ಬರೋದಲ್ಲ. ಹಸಿರಿರುವಾಗಲೇ ಗೊನೆ ಇಳಿಸಿ, ಸಿಪ್ಪೆ ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಕೆಂಪಗಾದ ಮೇಲೆ ಒಣಗಿಸಬೇಕು. ನಾನು ಚಿಕ್ಕವನಿದ್ದಾಗ ಸುಲಿಯೋ ಕೆಲಸ ಹೆಂಗಸರ ಕೈಯಲ್ಲಿತ್ತು. ಸಂಜೆ ಊಟ ಮುಗಿಸಿ ಇಪ್ಪತ್ತು ಜನ ನಮ್ಮ ಅಂಗಳದಲ್ಲಿ ಸಾಲಾಗಿ ಕೂರೋರು. ಕತ್ತಿ ಮೇಲೆ ಕೈ ಓಡ್ತಿತ್ತು, ಬಾಯಲ್ಲಿ ಊರಿನ ಸುದ್ದಿ ಓಡ್ತಿತ್ತು. ಯಾರ ಮನೆ ಸೊಸೆ ತವರಿಗೆ ಹೋದಳು ಅನ್ನೋದು ನನಗೆ ಅಲ್ಲೇ ತಿಳೀತಿತ್ತು. ಹಾಡು ಹೇಳೋರು, ಒಗಟು ಕೇಳೋರು, ನಿದ್ದೆ ಬಂದವರ ಮೇಲೆ ಸಿಪ್ಪೆ ಎಸೆಯೋರು.

ನಾನು ಡಿಗ್ರಿಗೆ ಸೇರಿದ ವರ್ಷ ಅಪ್ಪಾಜಿ ಸುಲಿಯೋ ಮೆಷಿನ್ ತಂದರು. ಹಿಂದೆ ತಗಡಿನ ಶೆಡ್ಡು ಹಾಕಿಸಿದರು. ನಮ್ಮ ಅಡಿಕೆ ಜೊತೆ ಸುತ್ತಲಿನವರದ್ದೂ ಸುಲಿದುಕೊಡೋಕೆ ಶುರು ಮಾಡಿದರು. ನನ್ನ ಫೀಸು ಕಟ್ಟಿದ್ದು ಆ ಮೆಷಿನ್. ಇದನ್ನ ನಾನು ಮರೆಯೋ ಹಾಗಿಲ್ಲ. ಇಪ್ಪತ್ತು ಜನ ಬರ್ತಿದ್ದ ಕಡೆ ಈಗ ಐದಾರು ಜನ, ಹೊರಬಂದ ಅಡಿಕೆಯಲ್ಲಿ ಸಿಪ್ಪೆ ಉಳಿದದ್ದನ್ನ ಆರಿಸೋಕೆ. ಮೋಟರ್ ಗುಂಯ್ ಅನ್ನುತ್ತೆ, ಬೆಲ್ಟು ಪಟಪಟ ಬಡಿಯುತ್ತೆ, ಕಾಯಿ ತಗಡಿಗೆ ಕಲ್ಲುಮಳೆ ಹಾಗೆ ಬೀಳುತ್ತೆ, ಮೇಲೆ ತಗಡಿನ ಸೂರು ಎಲ್ಲವನ್ನೂ ಎರಡು ಪಟ್ಟು ಮಾಡಿ ವಾಪಸ್ ಕೊಡುತ್ತೆ. ಅಲ್ಲಿ ಸುದ್ದಿ ಇಲ್ಲ, ಒಗಟಿಲ್ಲ. ಕೈ ಎತ್ತಿದರೆ ನಿಲ್ಲಿಸು, ಬೆರಳು ತಿರುಗಿಸಿದರೆ ಇನ್ನೊಂದು ಬುಟ್ಟಿ ಸುರಿ.

ಅಪ್ಪಾಜಿಯ ಕಿವಿ ಮಂದವಾಗ್ತಿರೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳ್ತಿರಲಿಲ್ಲ. ತಮಾಷೆ ಮಾಡ್ತಿದ್ವಿ. ಒಂದು ಸಲ ಅಮ್ಮ "ರೀ, ಸಕ್ಕರೆ ಬೇಕು" ಅಂತ ಒಳಗಿಂದ ಕೂಗಿದರೆ ಇವರು ಅಂಗಳದಲ್ಲಿ ಕೂತು "ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಈಗ ಅಕ್ಕರೆ ಬೇಕೇನೇ ನಿನಗೆ?" ಅಂದಿದ್ದರು. ಆ ಜೋಕು ನೆಂಟರ ಮನೆಗಳಲ್ಲೆಲ್ಲ ಓಡಾಡ್ತು.

ಜರ್ಮನಿಯಿಂದ ಬಂದ ಮೇಲೆ ಆ ಜೋಕು ನಗು ತರಲಿಲ್ಲ. ಆದರೂ ನಾನು ಏನೂ ಮಾಡಲಿಲ್ಲ. ಡೆಡ್‌ಲೈನು, ಆನ್‌ಸೈಟು, ಅದು ಇದು. ಹೋದ ಅಕ್ಟೋಬರ್‌ನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಕರೆದರೂ ಅವರು ತಿರುಗದೆ ಇದ್ದಾಗ ಮನಸ್ಸು ತಡೀಲಿಲ್ಲ. ಆ ವಾರವೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ.

ಡಾಕ್ಟರು ಗ್ರಾಫ್ ತೋರಿಸಿದರು. ಗೆರೆ ಸುಮಾರಾಗಿ ನೇರ ಬಂದು 4,000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದಿತ್ತು. ಸದ್ದಿನಿಂದ ಕಿವಿ ಹೋದರೆ ಮೊದಲು ಬೀಳೋದು ಅಲ್ಲೇ ಅಂತೆ. ಒಳಗಿವಿಯಲ್ಲಿ ಸದ್ದು ಹಿಡಿಯೋ ಸಣ್ಣ ಸಣ್ಣ ಕೂದಲಿನಂಥ ಜೀವಕೋಶ ಇರ್ತವೆ. ಸತ್ತರೆ ಮತ್ತೆ ಹುಟ್ಟಲ್ಲ. ಸ, ಷ, ತ, ಕ ಥರದ ಅಕ್ಷರಗಳ ಸೂಕ್ಷ್ಮ ಸದ್ದು ಇರೋದು ಆ ಮೇಲಿನ ಕಡೆ. ಸ್ವರ ಕೇಳುತ್ತೆ, ವ್ಯಂಜನ ಜಾರುತ್ತೆ. ಹಾಗಾಗಿ ಸಕ್ಕರೆ ಹೋಗಿ ಅಕ್ಕರೆ ಆಗುತ್ತೆ. "ನಿಮ್ಮ ಅಪ್ಪನಿಗೆ ನೀವು ಮಾತಾಡಿದ್ದು ಕೇಳುತ್ತೆ, ಏನು ಮಾತಾಡಿದ್ದು ಅಂತ ಕೇಳಲ್ಲ" ಅಂದರು. ಹೋದದ್ದು ಬರಲ್ಲ, ಇರೋದನ್ನ ಉಳಿಸಿಕೊಳ್ಳಿ ಅಂದರು.

ವಾಪಸ್ ಬಂದು ಶೆಡ್ಡಿನಲ್ಲಿ ಮೆಷಿನ್ ಪಕ್ಕ ನಿಂತು ಮೊಬೈಲಿನ ಆ್ಯಪ್‌ನಲ್ಲಿ ಅಳೆದೆ. 94 ಡೆಸಿಬಲ್. ಮೊಬೈಲ್ ಲೆಕ್ಕ ಕರಾರುವಾಕ್ಕಲ್ಲ, ಒಪ್ತೀನಿ. ಆದರೆ ಲೆಕ್ಕ ಹಾಕೋ ವಿಧಾನ ನೋಡಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನೋದು ತಜ್ಞರ ಒಂದು ಮಿತಿ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. ಅಪ್ಪಾಜಿ ಸೀಸನ್‌ನಲ್ಲಿ ಅಲ್ಲಿ ನಿಲ್ಲೋದು ಹತ್ತು ಗಂಟೆ. ಹನ್ನೆರಡು ವರ್ಷದಿಂದ.

ಈಗ ನನ್ನ ತಪ್ಪು ಹೇಳ್ಕೊಳ್ತೀನಿ. ಬೆಂಗಳೂರಿನಲ್ಲಿ ನಾನು ಮೆಟಲ್ ಶೋಗಳಿಗೆ ಹೋಗ್ತೀನಿ. ಅಲ್ಲಿ ಸದ್ದು ನೂರು ದಾಟುತ್ತೆ ಅಂತ ಓದಿ ತಿಳ್ಕೊಂಡು, ಶೋಗೆ ಅಂತಲೇ ಮಾಡಿದ ಇಯರ್‌ಪ್ಲಗ್ ತಗೊಂಡಿದ್ದೆ. ಒಂದೂವರೆ ಸಾವಿರ ರೂಪಾಯಿ. ಐದು ವರ್ಷದಿಂದ ನನ್ನ ಬ್ಯಾಗಿನ ಸಣ್ಣ ಜಿಪ್ಪಿನಲ್ಲಿದೆ. ಆ ಬ್ಯಾಗು ಪ್ರತಿ ದೀಪಾವಳಿಗೆ ಚನ್ನಗಿರಿಗೆ ಬಂದಿದೆ, ಆ ಶೆಡ್ಡಿನ ಗೂಟಕ್ಕೇ ನೇತಾಡಿದೆ. ವರ್ಷಕ್ಕೆ ನಾಲ್ಕು ಸಲ ಮೂರು ಗಂಟೆ ಗದ್ದಲ ಕೇಳೋಕೆ ನನ್ನ ಕಿವಿಗೆ ರಕ್ಷಣೆ. ಹತ್ತು ಗಂಟೆ ಗದ್ದಲದಲ್ಲಿ ದುಡಿದು ನನಗೆ ಫೀಸು ಕಟ್ಟಿದ ಕಿವಿಯ ನೆನಪು ಐದು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ.

ಬೆಟ್ಟದ ಮೇಲೆ

ಮರುದಿನ ಬೆಳಗ್ಗೆ ಮನೆಯಲ್ಲಿ ಕೂರೋಕಾಗದೆ ಚನ್ನಗಿರಿ ಬೆಟ್ಟ ಹತ್ತಿದೆ. ನಮ್ಮೂರಿಗೆ ಯಾರೇ ಬಂದರೂ ನೋಡಬೇಕಾದ ಜಾಗ ಇದು. ಪೇಟೆಗೆ ಅಂಟಿಕೊಂಡೇ ಇರೋ ಬೆಟ್ಟ, ಮೇಲೆ ಕೆಳದಿ ಅರಸರ ಕಾಲದ ಕೋಟೆ, ಒಳಗೆ ರಂಗನಾಥಸ್ವಾಮಿ ಗುಡಿ. ಕೆಳದಿ ರಾಣಿ ಚೆನ್ನಮ್ಮಾಜಿಯ ಹೆಸರಿನಿಂದಲೇ ಊರಿಗೆ ಚನ್ನಗಿರಿ ಅಂತ ಹೆಸರು ಬಂತು ಅನ್ನೋ ಮಾತಿದೆ. ಬಂದವರು ಇದನ್ನ ನೋಡಿ, ಸೂಳೆಕೆರೆ ದಂಡೆ ಮೇಲೆ ನಿಂತು, ಸಂತೇಬೆನ್ನೂರಿನ ಪುಷ್ಕರಣಿ ನೋಡಿದರೆ ಒಂದು ದಿನ ಚೆನ್ನಾಗಿ ಕಳೆಯುತ್ತೆ.

ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿದೆ. ಕೆಳಗೆ ಕಣ್ಣು ಹಾಯಿಸಿದಷ್ಟು ದೂರ ಅಡಿಕೆ ತಲೆ. ಅದರ ನಡುವೆ ಅಲ್ಲಲ್ಲಿ ಬೇಯಿಸೋ ಹೊಗೆ. ಹೊಗೆ ಇದ್ದ ಕಡೆಯಿಂದೆಲ್ಲ ಮೆಷಿನ್ ಸದ್ದು. ಅಷ್ಟು ದೂರಕ್ಕೆ ಅದು ಗದ್ದಲ ಅಲ್ಲ, ಒಂದು ಗುನುಗು. ಒಂದು ಶೆಡ್ಡಿನದು ಸ್ವಲ್ಪ ಮುಂದೆ, ಇನ್ನೊಂದು ಅದನ್ನ ಹಿಡಿಯೋಕೆ. ಕೇಳಿದ ಹಾಗಿದೆಯಲ್ಲ ಅನ್ನಿಸ್ತು.

ಆಗ ನನಗೆ ಒಂದು ವಿಷಯ ಹೊಳೀತು. ಹಾಸ್ಟೆಲ್‌ನಲ್ಲಿ ಮೂರನೇ ಸಲಕ್ಕೆ ಆ ಆಲ್ಬಂ ನನಗೆ ಹಿಡಿಸಿದ್ದಕ್ಕೆ ಕಾರಣ ಜರ್ಮನಿ ಇರಲಿಕ್ಕಿಲ್ಲ. ಮೋಟರ್, ಬೆಲ್ಟು, ತಗಡಿನ ಸದ್ದಿನೊಳಗೆ ಲಯ ಹುಡುಕೋದು ನನ್ನ ಕಿವಿಗೆ ಮೊದಲೇ ಅಭ್ಯಾಸವಿತ್ತು. ಮೆಷಿನ್ ಬರೋ ಮುಂಚೆಯೂ ಅಕ್ಕಿ ಗಿರಣಿ, ಪಂಪ್‌ಸೆಟ್ಟು, ಟಿಲ್ಲರ್ ನಡುವೆಯೇ ಬೆಳೆದವನು ನಾನು. ದುಡಿಯೋ ಊರಿನ ಮಕ್ಕಳಿಗೆ ಗದ್ದಲ ಅಂದರೆ ಮನೆ. ಎಸ್ಸೆನ್ನಿನ ಹುಡುಗರಿಗೂ ಅಷ್ಟೇ ಇರಬೇಕು. ಅವರು ಹಾಡಿದ್ದು ಹೆಣ, ದೆವ್ವದ ಬಗ್ಗೆ ಇರಬಹುದು. ಆದರೆ ಆ ವೇಗ, ಆ ಒರಟು, ಯಾರೂ ಯಾರಿಗೂ ಕಾಯದೆ ಓಡೋ ರೀತಿ, ಅದರಲ್ಲಿ ಅವರ ಊರಿದೆ ಅಂತ ನನಗೆ ಕೇಳಿಸುತ್ತೆ. ಊರಿನ ಗದ್ದಲ ನಿಂತುಹೋಗ್ತಿದ್ದ ವರ್ಷ ಅವರು ತಮ್ಮದೇ ಗದ್ದಲ ಮಾಡಿದರು. ಅದು ಊರು ಬಿಟ್ಟು ಹೋಗೋಕೆ ಟಿಕೆಟ್ಟೂ ಆಯ್ತು. ನನಗೆ ಸುಲಿಯೋ ಮೆಷಿನ್ ಆದ ಹಾಗೆ.

ಆ ದಾರಿ ಎರಡೂ ಕಡೆ ತೆರೆದಿದೆ ಅನ್ನೋದೂ ಖುಷಿ. ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡು 1998ರಲ್ಲಿ ಹುಟ್ಟಿದ್ದು. 2013ರಲ್ಲಿ ಅವರು ಜರ್ಮನಿಯ ವಾಕನ್ ಅನ್ನೋ ಹಳ್ಳಿಯಲ್ಲಿ ನಡೆಯೋ ಪ್ರಪಂಚದ ದೊಡ್ಡ ಮೆಟಲ್ ಜಾತ್ರೆಯಲ್ಲಿ ನುಡಿಸಿ ಬಂದರು. 2016ರಿಂದ ಅವರ ಆಲ್ಬಂ ತರ್ತಿರೋದೂ ಒಂದು ಜರ್ಮನ್ ಕಂಪನಿಯೇ. ಎಸ್ಸೆನ್ ಬೆಂಗಳೂರಿಗೆ ಬಂತು, ಬೆಂಗಳೂರು ಜರ್ಮನಿಗೆ ಹೋಯ್ತು. ಚನ್ನಗಿರಿ ಮಾತ್ರ ನಡುವೆ ಕೂತು ಅಡಿಕೆ ಸುಲೀತಿದೆ.

ಆದರೆ ಒಂದು ವ್ಯತ್ಯಾಸ ಮರೆಯಬಾರದು. ನನಗೆ ಗದ್ದಲ ದುಡ್ಡು ಕೊಟ್ಟು ಕೊಳ್ಳೋ ಸುಖ. ಸಾಕಾದಾಗ ನಿಲ್ಲಿಸೋ ಬಟನ್ ನನ್ನ ಕೈಯಲ್ಲಿದೆ. ಶೆಡ್ಡಿನೊಳಗೆ ಇರೋರಿಗೆ ಅದು ಕೂಲಿ. ಅಂಗಳದಲ್ಲಿ ಒಗಟು ಹೇಳ್ತಿದ್ದ ಇಪ್ಪತ್ತು ಜನರಲ್ಲಿ ಉಳಿದ ಐದಾರು ಜನರ ಕಿವಿಯನ್ನ ಯಾವ ಡಾಕ್ಟರೂ ಗ್ರಾಫ್ ಹಾಕಿ ನೋಡಿಲ್ಲ.

ಕೊನೆಯ ಹಾಡು

ಅದೇ ದಿನ ಆನ್‌ಲೈನ್‌ನಲ್ಲಿ ಕಾರ್ಖಾನೆಯವರು ಹಾಕೋ ದೊಡ್ಡ ಇಯರ್‌ಮಫ್ ಎಂಟು ಆರ್ಡರ್ ಮಾಡಿದೆ. ಅಪ್ಪಾಜಿಗೆ, ಮೆಷಿನ್‌ಗೆ ಕಾಯಿ ಸುರಿಯೋ ಹುಡುಗನಿಗೆ, ಆರಿಸೋ ಹೆಂಗಸರಿಗೆ. ಎಲ್ಲಾ ಸೇರಿ ನನ್ನ ಒಂದು ಶೋ ಟಿಕೆಟ್ಟಿನಷ್ಟೂ ಆಗಲಿಲ್ಲ. ಮೂರು ದಿನಕ್ಕೆ ಬಂತು. ಪೆಟ್ಟಿಗೆ ಬಿಚ್ಚಿದಾಗ ಶೆಡ್ಡಿನಲ್ಲಿ ಜಾತ್ರೆ. ಮೊದಲಿನಿಂದ ನಮ್ಮಲ್ಲಿ ಸುಲಿಯೋಕೆ ಬರ್ತಿದ್ದ ಅಜ್ಜಿ ಅದನ್ನ ಸೆರಗಿನ ಮೇಲೇ ಹಾಕ್ಕೊಂಡು "ನೋಡ್ರೇ, ವಿಮಾನ ಓಡ್ಸೋಳ ಥರ ಕಾಣ್ತೀನಾ?" ಅಂದರು. ಸೆಕೆ, ಕಿರಿಕಿರಿ ಅಂತ ಇಬ್ಬರು ಅರ್ಧ ಗಂಟೆಗೆ ತೆಗೆದಿಟ್ಟರು. ಮೆಷಿನ್ ನಿಂತಾಗ ಹೋಗಿ ಅಪ್ಪಾಜಿಯ ಗ್ರಾಫ್ ತೋರಿಸಿ ಹೇಳಿದೆ. ಒಬ್ಬರು ಮತ್ತೆ ಹಾಕ್ಕೊಂಡರು. ಇನ್ನೊಬ್ಬರು ನಾಳೆ ನೋಡೋಣ ಅಂದರು. ಇದೇನೂ ಒಂದೇ ದಿನಕ್ಕೆ ಆಗೋ ಕೆಲಸ ಅಲ್ಲ. ಈಗ ಪ್ರತಿ ಭಾನುವಾರ ಫೋನಿನಲ್ಲಿ ನನ್ನ ಮೊದಲ ಪ್ರಶ್ನೆ ಅದೇ.

ಆ ರಾತ್ರಿ ಅಂಗಳದಲ್ಲಿ ಕೂತಿದ್ದಾಗ ಅಪ್ಪಾಜಿಯೇ ಕೇಳಿದರು, "ಏನದು, ಯಾವಾಗ್ಲೂ ಕೇಳ್ತಿರ್ತೀಯಲ್ಲ, ಹಾಕು ನೋಡೋಣ." ಸಣ್ಣ ಸ್ಪೀಕರಿನಲ್ಲಿ ಎರಡನೇ ಹಾಡು ಹಾಕಿದೆ. ಬಲಗಿವಿ ಮುಂದೆ ಮಾಡಿ, ಕಣ್ಣು ಸಣ್ಣದು ಮಾಡಿ, ಪೂರ್ತಿ ಕೇಳಿದರು. ಒಳಗಿಂದ ಅಮ್ಮ "ಅದನ್ನ ನಿಲ್ಸೋ, ದನ ಬೆದರ್ತಾವೆ" ಅಂದರು.

ಅಪ್ಪಾಜಿ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಬೇರಿಂಗ್ ಹೋಗಿದೆ ಕಣೋ ಇದರದ್ದು. ಆದ್ರೂ ಒಳ್ಳೆ ಓಡ್ತಿದೆ."

ಮೂವತ್ತೆಂಟು ನಿಮಿಷದ ಆ ಆಲ್ಬಂ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿ ಹೇಳಿಲ್ಲ.

ಬೆಳಗ್ಗೆ ಶೆಡ್ಡಿಗೆ ಹೋಗುವಾಗ ಇಯರ್‌ಮಫ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದನ್ನ ಹಾಕ್ಕೊಂಡ್ರೆ ನಿನ್ನ ಹಾಡೂ ಕೇಳಲ್ಲ ಅಲ್ವಾ?"

"ಇಲ್ಲ ಅಪ್ಪಾಜಿ, ಕೇಳಲ್ಲ."

"ಹಂಗಾದ್ರೆ ಇನ್ನೊಂದು ತರ್ಸಪ್ಪ. ನಿಮ್ಮಮ್ಮಂಗೂ ಬೇಕಾಗುತ್ತೆ."